ಪ್ಲಗ್ ತೆಗೆದರೂ ಹೊಡೆಯಬಹುದು ಶಾಕ್: ಅಂಗಡಿಯ ಮೈಕ್ರೋವೇವ್ ಕೆಟ್ಟರೆ ಏನು ಮಾಡಬೇಕು, ಏನು ಮಾಡಬಾರದು?

ಬೇಕರಿಯಲ್ಲಿ ಎಗ್ ಪಫ್ಸ್, ಹೋಟೆಲ್‌ನಲ್ಲಿ ಬಿರಿಯಾನಿ ಬಿಸಿ ಮಾಡೋಕೆ ಈಗ ತಾಲ್ಲೂಕು ಮಟ್ಟದ ಅಂಗಡಿಗಳಲ್ಲೂ ಮೈಕ್ರೋವೇವ್ ಓವನ್ ಬಂದು ಕೂತಿದೆ. ಅದು ಕೆಟ್ಟ ದಿನ ಮಾತ್ರ ತಾಪತ್ರಯ. ಮೆಕ್ಯಾನಿಕ್ ಜಿಲ್ಲಾ ಕೇಂದ್ರದಿಂದ ಬರಬೇಕು, ಗಿರಾಕಿ ಕಾಯಲ್ಲ. ‘ಪ್ಲಗ್ ತೆಗೆದಿದೀನಲ್ಲ, ಏನಾಗುತ್ತೆ’ ಅಂತ ಸ್ಕ್ರೂಡ್ರೈವರ್ ಹಿಡಿದು ಕವರ್ ಬಿಚ್ಚೋಕೆ ಹೋಗುವವರಿದ್ದಾರೆ. ಮಿಕ್ಸಿ, ಇಸ್ತ್ರಿಪೆಟ್ಟಿಗೆ ವಿಷಯದಲ್ಲಿ ನಡೆಯುವ ಈ ಧೈರ್ಯ ಇಲ್ಲಿ ಪ್ರಾಣಕ್ಕೇ ಕುತ್ತು ತರಬಹುದು.

ಪ್ಲಗ್ ತೆಗೆದ ಮೇಲೂ ಅಪಾಯ ಯಾಕೆ?

ಓವನ್ ಒಳಗೆ ಮ್ಯಾಗ್ನೆಟ್ರಾನ್ ಅನ್ನೋ ಭಾಗ ಇದೆ. ಆಹಾರ ಬಿಸಿ ಮಾಡುವ 2450 ಮೆಗಾಹರ್ಟ್ಸ್ ತರಂಗ ಹುಟ್ಟೋದು ಅಲ್ಲೇ. ಅದಕ್ಕೆ ನಮ್ಮ 230 ವೋಲ್ಟ್ ಕರೆಂಟ್ ಸಾಲದು. ಸಾಮಾನ್ಯ ಓವನ್‌ಗಳಲ್ಲಿ ಟ್ರಾನ್ಸ್‌ಫಾರ್ಮರ್ ಅದನ್ನು ಸುಮಾರು 2000 ವೋಲ್ಟ್‌ಗೆ ಏರಿಸುತ್ತೆ. ಕೆಪಾಸಿಟರ್ ಮತ್ತು ಡಯೋಡ್ ಸೇರಿ 4000 ವೋಲ್ಟ್ ಆಸುಪಾಸಿಗೆ ಒಯ್ಯುತ್ತವೆ. ಪ್ಲಗ್ ಕಿತ್ತ ಮೇಲೂ ಕೆಪಾಸಿಟರ್‌ನಲ್ಲಿ ಚಾರ್ಜ್ ಉಳಿದಿರಬಹುದು. ಅದನ್ನು ತಾನಾಗಿ ಇಳಿಸೋಕೆ ರೆಸಿಸ್ಟರ್ ಇರುತ್ತೆ ನಿಜ, ಆದರೆ ಅದು ಕೆಟ್ಟಿದ್ರೆ ಹೊರಗಿನಿಂದ ಗೊತ್ತಾಗಲ್ಲ. ಹಾಗಾಗಿ ಕವರ್ ಬಿಚ್ಚುವ ಕೆಲಸ ತರಬೇತಿ ಪಡೆದವರದ್ದು ಮಾತ್ರ. ಫ್ಯೂಸ್ ಬದಲಿಸೋದಕ್ಕೂ ಇದೇ ಮಾತು, ಅದು ಇರೋದೂ ಕವರ್ ಒಳಗೇ.

ಕವರ್ ಬಿಚ್ಚದೆ ನೀವೇ ನೋಡಬಹುದಾದ್ದು

ಆನ್ ಆಗ್ತಿಲ್ಲವಾ? ಎಂಸಿಬಿ ಬಿದ್ದಿದೆಯಾ ನೋಡಿ, ಅದೇ ಸಾಕೆಟ್‌ಗೆ ಬೇರೆ ಉಪಕರಣ ಹಾಕಿ ನೋಡಿ. 1000 ವಾಟ್ ಶಾಖ ಕೊಡುವ ಓವನ್ ಲೈನಿನಿಂದ ಸುಮಾರು 1500 ವಾಟ್ ಎಳೆಯುತ್ತೆ. ಅದಕ್ಕೆ ಅರ್ಥಿಂಗ್ ಇರುವ 16 ಆಂಪಿಯರ್ ಸಾಕೆಟ್, ಪ್ರತ್ಯೇಕ ಲೈನ್ ಬೇಕು. ಎಕ್ಸ್‌ಟೆನ್ಷನ್ ಬಾಕ್ಸ್ ಬೇಡ. ಎಂಸಿಬಿ ಪದೇ ಪದೇ ಬೀಳ್ತಿದೆ ಅಂತ ದೊಡ್ಡದು ಹಾಕಿಸಿದ್ರೆ ವೈರ್ ಬಿಸಿಯಾಗಿ ಬೆಂಕಿ ಹೊತ್ತಿಕೊಳ್ಳಬಹುದು.

ಮಧ್ಯೆ ಮಧ್ಯೆ ನಿಂತು ಹೋಗ್ತಿದೆಯಾ? ಹಲವು ಕಮರ್ಷಿಯಲ್ ಓವನ್‌ಗಳಲ್ಲಿ ಬಾಗಿಲ ಕೆಳಗೆ ಗಾಳಿ ಫಿಲ್ಟರ್ ಇರುತ್ತೆ. ಎಣ್ಣೆ ಜಿಡ್ಡು, ಹಿಟ್ಟಿನ ಧೂಳು ಕಟ್ಟಿಕೊಂಡರೆ ಯಂತ್ರ ಕಾದು ತಾನೇ ನಿಲ್ಲುತ್ತೆ. ಪ್ಲಗ್ ತೆಗೆದು, ಫಿಲ್ಟರನ್ನು ಸೋಪಿನ ಬೆಚ್ಚಗಿನ ನೀರಲ್ಲಿ ತೊಳೆದು, ಪೂರ್ತಿ ಒಣಗಿಸಿ ಹಾಕಿ. ವಾರಕ್ಕೊಮ್ಮೆ ಮಾಡಿದ್ರೆ ಒಳ್ಳೇದು. ಓವನ್ ಹಿಂದೆ ಗೋಡೆಗೆ ಒತ್ತಿ ಇಡಬೇಡಿ.

ಒಳಗೆ ಕಿಡಿ ಹಾರುತ್ತಿದೆಯಾ? ತಕ್ಷಣ ನಿಲ್ಲಿಸಿ. ಫಾಯಿಲ್ ಪೊಟ್ಟಣ, ಸ್ಟೀಲ್ ಚಮಚ, ಚಿನ್ನದ ಗೆರೆಯ ತಟ್ಟೆ ಕಾರಣ ಇರಬಹುದು. ಇಲ್ಲದಿದ್ದರೆ ತರಂಗ ಒಳಬರುವ ಜಾಗದ ಮುಚ್ಚಳಕ್ಕೆ ಜಿಡ್ಡು ಹತ್ತಿರುತ್ತೆ. ತಣ್ಣಗಾದ ಮೇಲೆ ಒದ್ದೆ ಬಟ್ಟೆಯಿಂದ ಒರೆಸಿ. ಸುಟ್ಟು ತೂತಾಗಿದ್ರೆ ಬದಲಿಸದೆ ಬಳಸಬೇಡಿ.

ಬಿಸಿ ಕಮ್ಮಿ ಅನಿಸುತ್ತಿದೆಯಾ? ಗಾಜಿನ ಪಾತ್ರೆಯಲ್ಲಿ 1 ಲೀಟರ್ ತಣ್ಣೀರು ಹಾಕಿ, ಥರ್ಮಾಮೀಟರ್‌ನಿಂದ ಉಷ್ಣತೆ ಅಳೆಯಿರಿ. ಫುಲ್ ಪವರ್‌ನಲ್ಲಿ ಸರಿಯಾಗಿ 1 ನಿಮಿಷ ಓಡಿಸಿ, ನೀರು ಕಲಕಿ ಮತ್ತೆ ಅಳೆಯಿರಿ. ಎಷ್ಟು ಡಿಗ್ರಿ ಸೆಲ್ಸಿಯಸ್ ಏರಿತೋ ಅದನ್ನು 70ರಿಂದ ಗುಣಿಸಿದರೆ ಸುಮಾರು ವಾಟ್ ಸಿಗುತ್ತೆ. 1000 ವಾಟ್ ಓವನ್‌ನಲ್ಲಿ 14 ಡಿಗ್ರಿ ಹತ್ತಿರ ಏರಬೇಕು. ಇದನ್ನು ಸಂಜೆ ಒಮ್ಮೆ, ಬೆಳಿಗ್ಗೆ ಒಮ್ಮೆ ಮಾಡಿ. ಸಂಜೆ ಮಾತ್ರ ಕಮ್ಮಿ ಬಂದ್ರೆ ಲೈನಿನ ವೋಲ್ಟೇಜ್ ಮೇಲೆ ಅನುಮಾನ ಪಡಿ, ಮೆಕ್ಯಾನಿಕ್‌ಗಿಂತ ಮೊದಲು ಲೈನ್‌ಮ್ಯಾನ್‌ಗೆ ಹೇಳಿ. ಎರಡು ಹೊತ್ತೂ ಅರ್ಧದಷ್ಟೇ ಬಂದ್ರೆ ಓವನ್‌ನದ್ದೇ ದೋಷ. ದೊಡ್ಡ ಓವನ್‌ಗಳಲ್ಲಿ ಎರಡು ಮ್ಯಾಗ್ನೆಟ್ರಾನ್ ಇದ್ದು, ಒಂದು ಸತ್ತಿರಬಹುದು.

ಬಾಗಿಲ ವಿಷಯದಲ್ಲಿ ರಾಜಿ ಬೇಡ

ಬಾಗಿಲು ತೆರೆದ ಕೂಡಲೇ ತರಂಗ ನಿಲ್ಲಿಸೋಕೆ ಸಾಮಾನ್ಯವಾಗಿ ಮೂರು ಸ್ವಿಚ್ ಇರುತ್ತವೆ. ಅವುಗಳಲ್ಲಿ ಒಂದರ ಕೆಲಸವೇ ಬೇರೆ: ಉಳಿದವು ಅಂಟಿಕೊಂಡರೆ ಬೇಕಂತಲೇ ಫ್ಯೂಸ್ ಸುಡೋದು. ಬಾಗಿಲು ತೆರೆದಾಗಲೆಲ್ಲ ಫ್ಯೂಸ್ ಹೋಗ್ತಿದ್ರೆ ಮೊದಲು ಈ ಸ್ವಿಚ್‌ಗಳನ್ನೇ ನೋಡಬೇಕು. ‘ವೈರ್ ಸೇರಿಸಿ ಬೈಪಾಸ್ ಮಾಡ್ತೀನಿ, ದಪ್ಪ ಫ್ಯೂಸ್ ಹಾಕ್ತೀನಿ’ ಅನ್ನುವವರನ್ನು ವಾಪಸ್ ಕಳಿಸಿ. ಬಾಗಿಲು ಸೊಟ್ಟಗಾಗಿದ್ರೆ, ಕೀಲು ಸಡಿಲಾಗಿದ್ರೆ, ಗಾಜು ಬಿರುಕು ಬಿಟ್ಟಿದ್ರೆ ಓವನ್ ಆನ್ ಮಾಡಬೇಡಿ. ಸೋರುವ ತರಂಗ ಹೆಚ್ಚಾದರೆ ಚರ್ಮ ಸುಡಬಹುದು, ಕಣ್ಣಿನ ಮಸೂರಕ್ಕೆ ಹಾನಿಯಾಗಬಹುದು. ಓವನ್‌ನಿಂದ 5 ಸೆಂಟಿಮೀಟರ್ ದೂರದಲ್ಲಿ ಚದರ ಸೆಂಟಿಮೀಟರ್‌ಗೆ 5 ಮಿಲಿವಾಟ್ ಮೀರಬಾರದು ಅನ್ನೋದು ಮಿತಿ. ಇದನ್ನು ಮೀಟರ್‌ನಿಂದಲೇ ಅಳೆಯಬೇಕು. ಒಳಗೆ ಮೊಬೈಲ್ ಇಟ್ಟು ರಿಂಗ್ ಆಗುತ್ತಾ ಅಂತ ನೋಡುವ ಪರೀಕ್ಷೆ ನಂಬಬೇಡಿ. ರಿಪೇರಿ ಮುಗಿದ ಮೇಲೆ ‘ಲೀಕೇಜ್ ಚೆಕ್ ಮಾಡಿದ್ರಾ?’ ಅಂತ ಕೇಳಿಯೇ ದುಡ್ಡು ಕೊಡಿ.

ಅನಾಹುತ ಆದರೆ

ಒಳಗೆ ಬೆಂಕಿ ಕಂಡರೆ ಬಾಗಿಲು ತೆರೆಯಬೇಡಿ, ಗಾಳಿ ಸಿಕ್ಕಿ ಉರಿ ಏಳುತ್ತೆ. ಗೋಡೆಯ ಸ್ವಿಚ್ ಆರಿಸಿ, ಆರುವವರೆಗೆ ಕಾಯಿರಿ. ಯಾರಿಗಾದರೂ ಶಾಕ್ ಹೊಡೆದರೆ ಮುಟ್ಟುವ ಮೊದಲು ಮೇನ್ ಆಫ್ ಮಾಡಿ, ನಂತರ 108ಕ್ಕೆ ಕರೆ ಮಾಡಿ.

ಓವನ್ ಖಾಲಿ ಓಡಿಸಬಾರದು, ಕವರ್ ಬಿಚ್ಚಬಾರದು. ಈ ಎರಡು ಮಾತನ್ನು ಕೆಲಸಕ್ಕೆ ಸೇರಿದ ಹುಡುಗರಿಗೆ ಮೊದಲ ದಿನವೇ ಹೇಳಿಬಿಡಿ. ರಿಪೇರಿಗೆ ಕೈ ಹಾಕು ಅಂತ ಅವರನ್ನು ಯಾವತ್ತೂ ಕಳಿಸಬೇಡಿ.