ಜಟ್ಟಿಯ ಜೋಡಿ

ನಾಗಸಂದ್ರದಲ್ಲಿ ನಾವು ವಾಸಿಸುವ ಕಟ್ಟಡದ ಮಹಡಿಯಲ್ಲಿ ಎದುರುಬದುರಾಗಿ ಎರಡು ಸಂಸಾರಗಳುಂಟು. ಒಂದು ನಮ್ಮದು, ಇನ್ನೊಂದು, ಪೀಣ್ಯದ ಕಾರ್ಖಾನೆಯೊಂದರಲ್ಲಿ ಲೇತ್ ಯಂತ್ರ ನಡೆಸುವ ಸಜ್ಜನರೊಬ್ಬರದು. ಎರಡು ಮನೆಗಳಲ್ಲಿಯೂ ಹತ್ತು ಹನ್ನೊಂದು ವಯಸ್ಸಿನ ಒಬ್ಬೊಬ್ಬ ಹುಡುಗನಿದ್ದಾನೆ. ಕಳೆದ ಬೇಸಿಗೆಯ ರಜೆಯಲ್ಲಿ ಈ ಇಬ್ಬರೂ ಟಿ.ವಿ.ಯ ಮುಂದೆ ಕುಳಿತು ಅಮೆರಿಕಾ ದೇಶದ ಕುಸ್ತಿಗಳನ್ನು ನೋಡುವುದನ್ನು ರೂಢಿಸಿಕೊಂಡರು. ನೋಡುವುದಕ್ಕೂ ಮಾಡುವುದಕ್ಕೂ ಆ ವಯಸ್ಸಿನಲ್ಲಿ ಎಷ್ಟು ದೂರ? ಒಂದು ಮಧ್ಯಾಹ್ನ ಹಿರಿಯರೆಲ್ಲರೂ ಒರಗಿದ್ದ ಸಮಯದಲ್ಲಿ ಎದುರು ಮನೆಯ ಹುಡುಗನು ಮಂಚದ ಮೇಲಿನಿಂದ ನಮ್ಮ ಮೊಮ್ಮಗನ ಮೇಲೆ ಹಾರಿದನು. ನಮ್ಮವನ ಗದ್ದವು ಮಂಚದ ಅಂಚಿಗೆ ಬಡಿದು ಸೀಳಿ, ನಾಲ್ಕು ಹೊಲಿಗೆ ಹಾಕಿಸಬೇಕಾಯಿತು. ಹುಡುಗನ ಗಾಯವು ಹತ್ತು ದಿನಗಳಲ್ಲಿ ಮಾಯಿತು. ತಾಯಂದಿರಿಬ್ಬರ ಮಾತು ಮಾತ್ರ ನಿಂತೇ ಹೋಯಿತು. ಸಂಜೆಯ ಹೂವು, ಹಬ್ಬದ ಒಬ್ಬಟ್ಟು, ಹೆಪ್ಪಿಗೆ ಬೇಕಾದ ಮಜ್ಜಿಗೆ, ಇವೆಲ್ಲವೂ ಒಂದು ಬಾಗಿಲಿನಿಂದ ಇನ್ನೊಂದು ಬಾಗಿಲಿಗೆ ಹೋಗುವುದು ತಪ್ಪಿತು.

"ಅವನೇನು ಬೇಕೆಂದು ಹಾರಿದನೇನೋ?" ಎಂದು ನಾವು ಮೊಮ್ಮಗನನ್ನು ಕೇಳಿದೆವು.

"ಇಲ್ಲ ತಾತ, ಅವನು ನನ್ನ ಜೋಡಿ!" ಎಂದನು ಹುಡುಗ.

ಜೋಡಿಯಾದವನು ಮೇಲೆ ಹಾರುವುದೆಂದರೇನೆಂದು ನಮ್ಮ ಮನೆಯಾಕೆಗೆ ತಿಳಿಯಲಿಲ್ಲ. ಹುಡುಗನು ವಿವರಿಸಿದನು. ಆ ಕುಸ್ತಿಯಲ್ಲಿ ಒಂದೊಂದು ಪಕ್ಷಕ್ಕೂ ಇಬ್ಬಿಬ್ಬರು ಮಲ್ಲರು. ಒಬ್ಬನು ಒಳಗೆ ಸೆಣಸುತ್ತಿರುವಾಗ ಅವನ ಜೊತೆಗಾರನು ಮೂಲೆಯಲ್ಲಿ ಹಗ್ಗದ ಆಚೆ ನಿಂತಿರಬೇಕು. ಒಳಗಿನವನು ದಣಿದು, ತೆವಳುತ್ತ ಬಂದು ಕೈ ಮುಟ್ಟಿದರೆ ಹೊರಗಿನವನು ಒಳಕ್ಕೆ ನುಗ್ಗಬಹುದು. ಕೈ ತಗುಲದೆ ನುಗ್ಗಿದರೆ ತಪ್ಪು. ಇದಕ್ಕೆ ಟ್ಯಾಗ್ ಟೀಮ್ ಎಂದು ಹೆಸರು. ಗಾಯವಾದ ದಿನ ಮೊದಲು ಇಬ್ಬರೂ ಒಂದೇ ಪಕ್ಷದಲ್ಲಿದ್ದರಂತೆ. ಎದುರು ಪಕ್ಷಕ್ಕೆ ದಿಂಬುಗಳ ಹೊರತು ಯಾರೂ ಇಲ್ಲದೆ ಬೇಸರವಾಗಿ ತಾವೇ ಒಬ್ಬರಿಗೊಬ್ಬರು ಎದುರಾಳಿಗಳಾದರಂತೆ.

ನಮ್ಮ ವಯಸ್ಸಿನವರಿಗೆ ಈ ಜೋಡಿ ಕುಸ್ತಿ ಎಂದೊಡನೆ ನೆನಪಾಗುವವರು ದಾರಾಸಿಂಗ್ ಮತ್ತು ಅವರ ತಮ್ಮ ರಂಧಾವ. ಪಂಜಾಬಿನ ಧರ್ಮೂಚಕ್ ಎಂಬ ಹಳ್ಳಿಯಲ್ಲಿ 1928ರಲ್ಲಿ ಹುಟ್ಟಿದ ದಾರಾಸಿಂಗರು ಸಿಂಗಪುರಕ್ಕೆ ಹೋಗಿ ಮಲ್ಲವೃತ್ತಿಯನ್ನು ಹಿಡಿದರು. ತಮ್ಮನೂ ಅದೇ ಹಾದಿಯನ್ನು ತುಳಿದನು. ಅಣ್ಣತಮ್ಮಂದಿರು ಒಂದೇ ಪಕ್ಷವಾಗಿ ನಿಂತು ಸೆಣಸಿದ್ದುಂಟು, ಸಿನಿಮಾಗಳಲ್ಲಿ ನಟಿಸಿದ್ದೂ ಉಂಟು. 1968ರ ಮೇ 29ರಂದು ಮುಂಬಯಿಯಲ್ಲಿ ಅಮೆರಿಕಾದ ಲೂ ಥೆಜ್ ಎಂಬ ಪ್ರಸಿದ್ಧ ಮಲ್ಲನನ್ನು ಸೋಲಿಸಿದವರು ಅಣ್ಣ. 1987ರಲ್ಲಿ ಆರಂಭವಾದ ರಾಮಾಯಣ ಧಾರಾವಾಹಿಯಲ್ಲಿ ಹನುಮಂತನಾಗಿ ಮನೆಮನೆಗೆ ಬಂದವರೂ ಅಣ್ಣನೇ. ಅಣ್ಣನು 2012ರ ಜುಲೈ 12ರಂದು ತೀರಿಕೊಂಡರು, ತಮ್ಮನು ಮರುವರ್ಷ. ಕೈ ಚಾಚಿಕೊಂಡು ಮೂಲೆಯಲ್ಲಿ ನಿಂತವನನ್ನು ಹೆಸರು ಹಿಡಿದು ನೆನೆಯುವವರು ಇಂದು ವಿರಳ.

ಇರಲಿ. ನಾವು ಹುಡುಗರಿಗೆ ಹೇಳಬೇಕಾಗಿದ್ದುದು ಬೇರೊಂದು ಸಂಗತಿ. ಅಮೆರಿಕಾದ ಆ ಕುಸ್ತಿಯಲ್ಲಿ ಸೋಲುಗೆಲುವುಗಳು ಮೊದಲೇ ಗೊತ್ತಾಗಿರುತ್ತವೆ. ಇದು ಚಾಡಿಯ ಮಾತಲ್ಲ. ತಮ್ಮದು ಸ್ಪರ್ಧೆಯಲ್ಲ, ಮನರಂಜನೆ ಎಂದು ಅಲ್ಲಿನ ದೊಡ್ಡ ಸಂಸ್ಥೆಯವರೇ 1989ರಲ್ಲಿ ನ್ಯೂಜೆರ್ಸಿ ಸಂಸ್ಥಾನದ ಶಾಸನಕರ್ತರ ಮುಂದೆ ಒಪ್ಪಿಕೊಂಡರು. ಹಾಗಾದರೆ ಎಲ್ಲವೂ ಸುಳ್ಳೇ? ಅಲ್ಲ. ಬೀಳುವ ದೇಹವು ನಿಜವಾದ ದೇಹ. ತಲೆಯ ಮೇಲೆತ್ತಿ ಕೆಡಹುವಾಗ ಕತ್ತು ಉಳುಕಿದರೆ ಅದು ನಿಜವಾಗಿಯೇ ಉಳುಕುತ್ತದೆ. ಆದುದರಿಂದ ಎತ್ತಿ ಹಾಕುವವನೇ ಬೀಳುವವನನ್ನು ಕಾಯಬೇಕು. ನೋಡುವವರ ಕಣ್ಣಿಗೆ ಶತ್ರುವಾಗಿ ಕಾಣುವವನ ಕೈಯಲ್ಲಿಯೇ ತನ್ನ ಕತ್ತನ್ನು ಒಪ್ಪಿಸುವುದು ಆ ಕಸುಬಿನ ಗುಟ್ಟು. ವರ್ಷಗಟ್ಟಲೆ ಬೀಳುವುದನ್ನೇ ಕಲಿತವರು ಮಾಡುವ ಕೆಲಸವನ್ನು ನಮ್ಮ ಹುಡುಗರು ಒಂದು ಮಧ್ಯಾಹ್ನದಲ್ಲಿ ಮಾಡಲು ಹೋದರು.

ಜೋಡಿ ಎಂಬ ಮಾತು ಹುಡುಗನ ಬಾಯಲ್ಲಿ ಬಂದಾಗ ನಮಗೆ ಮೈಸೂರು ನೆನಪಾಯಿತು. ಏಕೆಂದರೆ ನಮ್ಮ ಸೀಮೆಯ ಕುಸ್ತಿಯಲ್ಲಿ ಜೋಡಿ ಎಂದರೆ ಪಕ್ಕದಲ್ಲಿ ನಿಂತವನಲ್ಲ, ಎದುರಿಗೆ ನಿಂತವನು. ದಸರಾ ಕುಸ್ತಿಗೆ ಮುಂಚೆ ಮೈಸೂರಿನಲ್ಲಿ 'ಜೋಡಿ ಕಟ್ಟುವ' ಕಾರ್ಯವೊಂದು ನಡೆಯುತ್ತದೆ. ಊರೂರುಗಳ ಗರಡಿಗಳಿಂದ ಬಂದ ಪೈಲ್ವಾನರ ವಯಸ್ಸು, ತೂಕ, ಸಾಧನೆಗಳನ್ನು ನೋಡಿ, ಇವನಿಗೆ ಇವನು ಸಮ ಎಂದು ಹಿರಿಯರು ಗೊತ್ತುಮಾಡುತ್ತಾರೆ. ಒಬ್ಬರ ಕೈಯನ್ನೊಬ್ಬರು ಹಿಡಿದು ಒಪ್ಪಿದರೆ ಜೋಡಿಯಾಯಿತು. ಈ ಏರ್ಪಾಡು ನಿನ್ನೆ ಮೊನ್ನೆಯದಲ್ಲ. 1520ರ ಸುಮಾರಿನಲ್ಲಿ ವಿಜಯನಗರದ ಮಹಾನವಮಿಯನ್ನು ಕಂಡ ಪೋರ್ಚುಗೀಸರ ಡೊಮಿಂಗೊ ಪಾಯೆಸನು ಅಲ್ಲಿನ ಮಲ್ಲರ ಹೊಡೆತಕ್ಕೆ ಹಲ್ಲುಗಳು ಉದುರಿ ಮುಖಗಳು ವಿಕಾರವಾಗುತ್ತಿದ್ದುದನ್ನು ಬರೆದಿಟ್ಟಿದ್ದಾನೆ. ಅದರೊಂದಿಗೆ, ಕಣಕ್ಕಿಳಿಯುವವರನ್ನು ಸರಿಸಮನಾಗಿ ನಿಲ್ಲಿಸುವ ತೀರ್ಪುಗಾರರಿದ್ದರೆಂದೂ ಹೇಳುತ್ತಾನೆ. ಅಸಮಾನರನ್ನು ಎದುರುಬದುರು ಬಿಟ್ಟರೆ ಅದು ಕುಸ್ತಿಯಲ್ಲ, ಕೊಲೆ ಎಂಬುದು ಆ ಕಾಲದಲ್ಲಿಯೂ ತಿಳಿದಿತ್ತು.

ಪಾಯೆಸನಿಗಿಂತ ಹದಿನೈದು ವರ್ಷಗಳ ತರುವಾಯ ಬರೆದ ನೂನಿಜನ ಮಾತು ಇನ್ನೂ ಸ್ವಾರಸ್ಯವಾದುದು. ಅರಸನಲ್ಲಿ ಸಾವಿರ ಮಂದಿ ಮಲ್ಲರಿದ್ದರಂತೆ. ಅವರಿಗೆ ರಾಜ್ಯದಲ್ಲಿ ಬೇರಾವ ಊಳಿಗವೂ ಇರಲಿಲ್ಲವಂತೆ. ಅವರು ಪೋರ್ಚುಗೀಸರಂತೆ ಬರಿಗೈಯಿಂದ ಸೆಣಸದೆ, ಮೊನೆಗಳುಳ್ಳ ಬಳೆಯಂತಹ ಆಯುಧವನ್ನು ಕೈಯಲ್ಲಿ ಹಿಡಿದು ಹೊಡೆದಾಡುತ್ತಿದ್ದರು. ಅರಸನಿಂದ ರೇಷ್ಮೆಯ ಬಟ್ಟೆಯ ಉಡುಗೊರೆ ಯಾರಿಗೆಂದು ವಾಚಕರು ಊಹಿಸಬಲ್ಲರೇ? ಹೆಚ್ಚು ಗಾಯಗೊಂಡವನಿಗೆ!

ಆ ಮೊನೆಯ ಆಯುಧವೇ ಮೈಸೂರಿನ ವಜ್ರಮುಷ್ಟಿ, ಅದನ್ನು ಹಿಡಿಯತಕ್ಕವರು ಜಟ್ಟಿಗಳು. ಜಟ್ಟಿ ಎಂಬುದು ಜ್ಯೇಷ್ಠಿ ಎಂಬ ಮಾತಿನಿಂದ ಬಂದುದೆನ್ನುತ್ತಾರೆ. ಗುಜರಾತಿನ ಮೊಢೇರದ ಕಡೆಯ ಮಲ್ಲರ ಕುಲದೊಡನೆ ಇವರಿಗೆ ಸಂಬಂಧವುಂಟು. ನಿಂಬಜಾದೇವಿ ಇವರ ಕುಲದೇವತೆ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಮಲ್ಲವಿನೋದವೆಂಬ ಭಾಗವೇ ಇದೆ. ಮಲ್ಲರ ದರ್ಜೆಗಳು, ವಯಸ್ಸು, ಆಹಾರ, ಸಾಧನೆ ಇವೆಲ್ಲವನ್ನೂ ಅರಸನು ಅಲ್ಲಿ ವಿಧಿಸಿದ್ದಾನೆ. ಮೇಲಿನ ದರ್ಜೆಯವನಿಗೆ ಜ್ಯೇಷ್ಠಿಕನೆಂದು ಹೆಸರು. ಅರಮನೆಯ ಅನ್ನವನ್ನು ಉಂಡು ಅರಮನೆಗಾಗಿ ಮೈಯನ್ನು ಸಾಧಿಸುವ ಕುಲವೃತ್ತಿಯೊಂದು ನಮ್ಮ ನಾಡಿನಲ್ಲಿ ಹೀಗೆ ನಿಂತಿತ್ತು.

ವೃತ್ತಿ ಎಂದ ಮೇಲೆ ಅದರ ಕತ್ತಲೆಯ ಕಡೆಯನ್ನೂ ಹೇಳಬೇಕು. ಹಿಂದಿನ ಅರಸರ ಕಾಲದಲ್ಲಿ ಜಟ್ಟಿಗಳು ಒಡವೆ ಭಂಡಾರಗಳನ್ನು ಕಾಯುತ್ತಿದ್ದರು; ಮರಣದಂಡನೆಯನ್ನು ನಡೆಸುವ ಕೆಲಸವೂ ಅವರ ಪಾಲಿಗೆ ಬಂದಿತ್ತು. ಟಿಪ್ಪುವಿನ ಸೆರೆಯಲ್ಲಿದ್ದ ಆಂಗ್ಲರು ಜಟ್ಟಿಗಳ ಕೈಬಲವನ್ನು ಭಯದಿಂದಲೇ ವರ್ಣಿಸಿದ್ದಾರೆ. ಕತ್ತು ತಿರುಚಬಲ್ಲ ಕೈ ಅದೇ ಕತ್ತನ್ನು ಸರಿಪಡಿಸಲೂ ಬಲ್ಲದು. ನರ ಹಿಡಿದವರಿಗೆ ತೈಲ ತಿಕ್ಕುವುದು, ಉಳುಕು ತೆಗೆಯುವುದು, ಇವು ಜಟ್ಟಿಗಳ ಮನೆವಿದ್ಯೆ. ದಕ್ಷಿಣ ಹಿಂದೂಸ್ಥಾನದ ಜಾತಿಗಳನ್ನು ಕುರಿತು 1909ರಲ್ಲಿ ಏಳು ಸಂಪುಟಗಳನ್ನು ಹೊರಡಿಸಿದ ಥರ್ಸ್ಟನ್ ಮಹಾಶಯನು ಇವೆಲ್ಲವನ್ನೂ ಗುರುತಿಸಿದ್ದಾನೆ.

ಮೈಸೂರಿನಲ್ಲಿ ವಜ್ರಮುಷ್ಟಿ ಕಾಳಗವು ವರ್ಷಕ್ಕೊಮ್ಮೆ, ವಿಜಯದಶಮಿಯ ಬೆಳಿಗ್ಗೆ, ಅರಮನೆಯ ಕರಿಕಲ್ಲು ತೊಟ್ಟಿಯಲ್ಲಿ ನಡೆಯತಕ್ಕದ್ದು. ರಾಜ ಒಡೆಯರು 1610ರಲ್ಲಿ ಶ್ರೀರಂಗಪಟ್ಟಣದಲ್ಲಿ ಆರಂಭಿಸಿದ ದಸರೆಯ ವಿಧಿಗಳೊಡನೆ ಹೊಂದಿಕೊಂಡು ಬಂದ ಆಚಾರವಿದು. ರಾಜ್ಯ ಹೋಯಿತು, ರಾಜಧನವು 1971ರಲ್ಲಿ ನಿಂತಿತು, ಅಂಬಾರಿಯಲ್ಲಿ ಅರಸರಿಗೆ ಬದಲಾಗಿ ಚಾಮುಂಡೇಶ್ವರಿಯ ಮೂರ್ತಿಯು ಕುಳಿತಿತು. ಒಳಗಿನ ಈ ಕಾಳಗ ಮಾತ್ರ ಉಳಿದುಕೊಂಡಿತು.

ಮೈಸೂರು, ಬೆಂಗಳೂರು, ಚನ್ನಪಟ್ಟಣ, ಚಾಮರಾಜನಗರಗಳ ಜಟ್ಟಿ ಮನೆತನಗಳಿಂದ ಸಾಮಾನ್ಯವಾಗಿ ನಾಲ್ವರನ್ನು ಆರಿಸಿ ಎರಡು ಜೋಡಿ ಕಟ್ಟುತ್ತಾರೆ. ಆರಿಸುವವರು ಕುಲದ ಉಸ್ತಾದರು. ಹಬ್ಬಕ್ಕೆ ಹಲವು ವಾರಗಳು ಮೊದಲಿನಿಂದಲೇ ಸಾಧನೆ ನಡೆಯುತ್ತದೆ. ಆ ದಿನ ತಲೆ ಬೋಳಿಸಿ, ನಡುವೆ ಒಂದು ಜುಟ್ಟನ್ನು ಬಿಟ್ಟು, ಕಾಸೆ ಬಿಗಿದು, ಕೆಮ್ಮಣ್ಣಿನ ಮಟ್ಟಿಗೆ ಇಳಿಯುತ್ತಾರೆ. ಬಲಗೈಯ ಬೆರಳುಗಳಿಗೆ ವಜ್ರಮುಷ್ಟಿ. ಹಿಂದಿನಿಂದ ಬಂದ ಈ ಆಯುಧಗಳು ಕೋಣದ ಕೊಂಬಿನಿಂದಲೋ ದಂತದಿಂದಲೋ ಮಾಡಿದಂಥವು; ಹಿಡಿಯೊಳಗೆ ಅಡಗುವಷ್ಟು ಚಿಕ್ಕವು, ಹೊರಮೈಗೆ ಮೊನೆಗಳು. ಎಡಗೈ ಬರಿದು, ಅದು ತಡೆಯುವುದಕ್ಕೆ, ಹಿಡಿಯುವುದಕ್ಕೆ. ರಾಜವಂಶದ ಹಿರಿಯರು ಬಂದು ನಿಂತ ಮೇಲೆ ಸಂಜ್ಞೆಯಾಗುತ್ತದೆ. ಎರಡು ಜೋಡಿಗಳೂ ಏಕಕಾಲದಲ್ಲಿ ಕೂಡಿಕೊಳ್ಳುತ್ತವೆ. ಯಾವನೊಬ್ಬನ ತಲೆಯಿಂದ ರಕ್ತವು ಕಂಡಿತೋ ಆ ಕ್ಷಣವೇ ಉಸ್ತಾದನು ನಡುವೆ ಬಂದು ಬಿಡಿಸುತ್ತಾನೆ. ಎಷ್ಟೋ ವರ್ಷ ಇದೆಲ್ಲವೂ ಒಂದು ನಿಮಿಷದೊಳಗೆ ಮುಗಿದಿರುವುದುಂಟು. ಆ ರಕ್ತವು ಬಿದ್ದ ಮೇಲೆಯೇ ವಿಜಯಯಾತ್ರೆಯು ಭುವನೇಶ್ವರಿ ದೇವಸ್ಥಾನಕ್ಕೆ ಬನ್ನಿಯ ಪೂಜೆಗಾಗಿ ಹೊರಡುವುದು.

ಯಾರ ತಲೆ ಒಡೆಯಿತೆಂಬುದು ಮರುದಿನದ ಪತ್ರಿಕೆಗಳಿಗೆ ಬೇಕು. ಯಾತ್ರೆಗೆ ಮಾತ್ರ ಯಾರ ರಕ್ತವಾದರೂ ಸರಿಯೇ. ಇದನ್ನು ಯೋಚಿಸುತ್ತ ಹೋದಂತೆ ನಮಗೆ ಒಂದು ವಿಷಯ ಹೊಳೆಯಿತು. ಇಲ್ಲಿ ಹೊಡೆಯುವವನ ಜಾಣತನವೆಲ್ಲ ಕಡಿಮೆ ಹೊಡೆಯುವುದರಲ್ಲಿದೆ. ಕಣ್ಣಿಗೆ ತಗುಲಬಾರದು, ಕಪಾಲದ ಸೂಕ್ಷ್ಮಸ್ಥಾನಕ್ಕೆ ತಗುಲಬಾರದು. ತೊಗಲು ಸೀಳಿ ಎರಡು ಹನಿ ಬೀಳಬೇಕು, ಅಷ್ಟೇ. ಎದುರಿನವನೂ ಅಷ್ಟೇ ಬಲ್ಲವನೆಂಬ ನಂಬಿಕೆಯಿಲ್ಲದೆ ಯಾವ ತಾಯಿಯ ಮಗನು ತಲೆ ಬೋಳಿಸಿಕೊಂಡು ಆ ಮಣ್ಣಿಗೆ ಇಳಿದಾನು? ಹಗ್ಗದ ಅಂಕಣದ ಮಲ್ಲನೂ ಕರಿಕಲ್ಲು ತೊಟ್ಟಿಯ ಜಟ್ಟಿಯೂ ಇಲ್ಲಿ ನೆಂಟರು. ಒಂದು ವ್ಯತ್ಯಾಸವನ್ನು ಮಾತ್ರ ಮರೆಯಲಾಗದು: ಅಲ್ಲಿ ಗೆಲ್ಲುವವನು ಮೊದಲೇ ಗೊತ್ತು, ಇಲ್ಲಿ ಯಾರ ನೆತ್ತಿಯೆಂಬುದು ಹೊಡೆತ ಬೀಳುವವರೆಗೆ ಗೊತ್ತಿಲ್ಲ.

ಹಾಗೆಂದು ಇದನ್ನು ಬಾಯ್ತುಂಬ ಹೊಗಳಲು ನಮಗೆ ಮನಸ್ಸು ಬಾರದು. ಮನುಷ್ಯರಕ್ತವು ಬೀಳದೆ ಶುಭಯಾತ್ರೆ ಹೊರಡಬಾರದೇ ಎಂದು ಕೇಳುವವರ ಮಾತು ತೆಗೆದುಹಾಕುವಂಥದಲ್ಲ. ಹಿಂದೆ ಅರಮನೆಯು ವರ್ಷವೆಲ್ಲ ಸಾಕುತ್ತಿತ್ತು, ಒಂದು ದಿನದ ಗಾಯಕ್ಕೆ ಬೆಲೆಯಿತ್ತು. ಇಂದಿನ ಜಟ್ಟಿ ತರುಣರು ಬೇರೆ ಬೇರೆ ಉದ್ಯೋಗಗಳಿಂದ ಜೀವನ ನಡೆಸುತ್ತ, ಬಿಡುವು ಮಾಡಿಕೊಂಡು ಸಾಧನೆ ಮಾಡಿ, ಹಬ್ಬದ ಮರುದಿನ ನೆತ್ತಿಯ ಪಟ್ಟಿಯೊಡನೆ ಕೆಲಸಕ್ಕೆ ಹೋಗಬೇಕು. ಮನೆಯಲ್ಲಿ ಹೆತ್ತವಳು ಏನೆನ್ನುವಳೋ! ಗದ್ದಕ್ಕೆ ಬಿದ್ದ ನಾಲ್ಕು ಹೊಲಿಗೆಗೆ ನಮ್ಮ ಮಹಡಿಯಲ್ಲಿ ಆದುದನ್ನು ಕಂಡ ನಮಗೆ ಆ ತಾಯಂದಿರ ವಿಚಾರವೇ ಮತ್ತೆ ಮತ್ತೆ ಬರುತ್ತದೆ.

ಈ ಕಥೆಯನ್ನು ನಾವು ಮೊಮ್ಮಗನಿಗೆ ಹಲವು ರಾತ್ರಿ ಹೇಳಿದೆವು. ಬಾಗಿಲು ತೆರೆದೇ ಇರುತ್ತಿದ್ದುದರಿಂದ ಎದುರು ಮನೆಯಲ್ಲಿ ಇನ್ನೊಬ್ಬ ಶ್ರೋತೃವೂ ಇದ್ದಿರಬೇಕು. ವಿಜಯದಶಮಿಯ ಬೆಳಿಗ್ಗೆ ಟಿ.ವಿ.ಯಲ್ಲಿ ಅರಮನೆಯನ್ನು ತೋರಿಸುತ್ತಿದ್ದಾಗ ನಮ್ಮ ಹುಡುಗನು ಯಾರನ್ನೂ ಕೇಳದೆ ಎದ್ದು ಹೋಗಿ ಎದುರು ಬಾಗಿಲನ್ನು ಬಡಿದನು. ಜೋಡಿಯು ಬಂದು ಪಕ್ಕದಲ್ಲಿ ಕುಳಿತನು. ಅವನ ಹಿಂದೆಯೇ ಅವನ ತಾಯಿಯೂ ಬಂದು, ಒಳಕ್ಕೆ ಬಾರದೆ ಹೊಸ್ತಿಲ ಬಳಿ ನಿಂತರು. ನಮ್ಮ ಸೊಸೆಯು ಅಡಿಗೆಯ ಮನೆಯಲ್ಲಿ ಪಾಯಸ ಕದಡುತ್ತಿದ್ದವಳು, "ಶುರುವಾದರೆ ಕೂಗು" ಎಂದಿದ್ದಳು. ಹುಡುಗರು ಕೂಗಿದರು. ಅವಳು ಸೌಟನ್ನಿಟ್ಟು ಸೆರಗಿಗೆ ಕೈ ಒರೆಸಿಕೊಂಡು ಬರುವಷ್ಟರಲ್ಲಿ ಎಲ್ಲವೂ ಮುಗಿದು, ಜಟ್ಟಿಗಳು ಕೈಮುಗಿಯುತ್ತಿದ್ದರು.

"ಯಾರು ಗೆದ್ದರು?" ಎಂದು ಅವಳು ಹುಡುಗರನ್ನು ಕೇಳಿದಳು.

ಹುಡುಗರಿಗೂ ಸರಿಯಾಗಿ ಕಂಡಿರಲಿಲ್ಲ. ಹೊಸ್ತಿಲ ಬಳಿ ನಿಂತಿದ್ದ ಆಕೆಯೇ, "ಎಡಗಡೆಯವನಿಗೆ ರಕ್ತ ಬಂತು, ಪಾಪ" ಎಂದರು. ನಮ್ಮ ಸೊಸೆಯು ಒಂದು ಗಳಿಗೆ ಸುಮ್ಮನಿದ್ದು, "ಒಳಗೆ ಬನ್ನಿ ಅಕ್ಕ, ಪಾಯಸ ತಳ ಹಿಡಿಯುತ್ತೆ, ಸ್ವಲ್ಪ ಕದಡಿಕೊಡಿ" ಎಂದಳು.