‘ನಿತ್ಯೋತ್ಸವ’ ಹಾಡಾದ ಬಗೆ

ರಾಜ್ಯೋತ್ಸವದ ವೇದಿಕೆಗಳಲ್ಲಿ, ಶಾಲಾ ವಾರ್ಷಿಕೋತ್ಸವಗಳಲ್ಲಿ, ಹೊರನಾಡಿನ ಕನ್ನಡ ಸಂಘಗಳ ಕೂಟಗಳಲ್ಲಿ ನಾಡಗೀತೆಯ ಬೆನ್ನಿಗೇ ಕೇಳಿಬರುವ ‘ನಿತ್ಯೋತ್ಸವ’ ಕೆ.ಎಸ್. ನಿಸಾರ್ ಅಹಮದ್ ಅವರ ಕವಿತೆ. ಅದೇ ಹೆಸರಿನ ಸಂಕಲನ ಅಚ್ಚಾದದ್ದು 1976ರಲ್ಲಿ. ಪುಸ್ತಕದ ಪುಟದಲ್ಲಿದ್ದ ಕವಿತೆಯೊಂದು ಆ ಪುಸ್ತಕವನ್ನು ಕಣ್ಣಿನಿಂದಲೂ ನೋಡದವರ ನಾಲಿಗೆಯ ಮೇಲೆ ನೆಲೆಗೊಂಡದ್ದರ ಹಿಂದೆ ಕವಿಯ ಪ್ರತಿಭೆಯಷ್ಟೇ ಒಂದು ಯಂತ್ರದ ಪಾಲೂ ಇದೆ.

ಕವಿಯ ಒಳಗಿನ ಒಂದು ಭಾವವನ್ನು ಕಿರಿದಾದ, ಲಯಬದ್ಧವಾದ ರೂಪದಲ್ಲಿ ಹಿಡಿದಿಡುವ ಭಾವಗೀತೆಯನ್ನು ಕನ್ನಡದಲ್ಲಿ ಬೆಳೆಸಿದವರು ಬೇಂದ್ರೆ, ಕುವೆಂಪು ಮೊದಲಾದ ನವೋದಯದ ಕವಿಗಳಾದರೆ, ಅದನ್ನು ಸಭೆಗೂ ಆಕಾಶವಾಣಿಗೂ ಕೊಂಡೊಯ್ದವರಲ್ಲಿ ಪಿ. ಕಾಳಿಂಗರಾಯರು ಅಗ್ರಗಣ್ಯರು. ಶಾಸ್ತ್ರೀಯ ರಾಗಗಳ ಆಸರೆ ಪಡೆದರೂ ರಾಗವಿಸ್ತಾರಕ್ಕಿಂತ ಸಾಹಿತ್ಯದ ಸ್ಪಷ್ಟತೆಗೆ ಮೊದಲ ಮಣೆ ಹಾಕುವ ಈ ಗಾಯನ ಪ್ರಕಾರಕ್ಕೆ ಸುಗಮ ಸಂಗೀತವೆಂಬ ಹೆಸರು ನಿಂತಿತು. ಆದರೆ ನಿಸಾರರು ಬರೆಯತೊಡಗಿದ್ದು ಗೋಪಾಲಕೃಷ್ಣ ಅಡಿಗರ ನವ್ಯಕಾವ್ಯದ ಕಾಲದಲ್ಲಿ. ಕವಿತೆಯೆಂದರೆ ಹಾಡುವುದಲ್ಲ, ಓದಿ ಯೋಚಿಸುವುದು ಎಂಬ ನಿಲುವು ಗಟ್ಟಿಯಾಗಿದ್ದ ಆ ದಿನಗಳಲ್ಲಿ ಹಾಡಿಗೊಗ್ಗುವ ಪದ್ಯ ಬರೆಯುವುದೆಂದರೆ ತುಸು ಹಳಬನೆನಿಸಿಕೊಳ್ಳಲು ಸಿದ್ಧನಾಗುವುದೇ ಆಗಿತ್ತು.

ಮೈಸೂರು ಅನಂತಸ್ವಾಮಿಯವರು ರಾಗ ಸಂಯೋಜಿಸಿದ ‘ನಿತ್ಯೋತ್ಸವ’ ಧ್ವನಿಸುರುಳಿ 1978ರಲ್ಲಿ ಹೊರಬಂತು. ಅದನ್ನು ಕನ್ನಡ ಭಾವಗೀತೆಗಳ ಮೊದಲ ಕ್ಯಾಸೆಟ್ ಎಂದು ಗುರುತಿಸಲಾಗುತ್ತದೆ. ಹಳೆಯ ಗ್ರಾಮಫೋನ್ ತಟ್ಟೆಯ ಒಂದು ಬದಿಯಲ್ಲಿ ಮೂರು ನಾಲ್ಕು ನಿಮಿಷಗಳಿಗಿಂತ ಹೆಚ್ಚು ಹಿಡಿಯುತ್ತಿರಲಿಲ್ಲ, ಆ ಯಂತ್ರವೂ ಉಳ್ಳವರ ಮನೆಯ ಸೊತ್ತಾಗಿತ್ತು. ಕ್ಯಾಸೆಟ್ಟಾದರೋ ಒಬ್ಬನೇ ಕವಿಯ ಹಲವು ರಚನೆಗಳನ್ನು ಒಟ್ಟಿಗೆ ಕೇಳಿಸಬಲ್ಲದಾಗಿತ್ತು, ಅಗ್ಗವಾಗಿತ್ತು, ಮತ್ತೊಂದು ಖಾಲಿ ಸುರುಳಿಗೆ ನಕಲು ಮಾಡಿಕೊಳ್ಳಲೂ ಬರುತ್ತಿತ್ತು. ಕೆ.ಎಸ್. ನರಸಿಂಹಸ್ವಾಮಿ, ಶಿಶುನಾಳ ಷರೀಫ ಮೊದಲಾದವರ ರಚನೆಗಳು ಆಮೇಲೆ ಮನೆಮನೆ ಸೇರಿದ್ದು ಇದೇ ದಾರಿಯಲ್ಲಿ.

ಕವಿತೆಯ ಕಟ್ಟಡವೂ ಹಾಡಿಗೆ ಹೇಳಿಮಾಡಿಸಿದಂತಿದೆ. ಮೂರು ಚರಣಗಳ ಈ ರಚನೆಯ ಮೊದಲೆರಡು ಚರಣಗಳಲ್ಲಿ ‘ಅಲ್ಲಿ’ ಎಂಬ ಸಪ್ತಮಿ ವಿಭಕ್ತಿಯ ಪದಗಳೇ ಒಂದರ ಮೇಲೊಂದು ಪೇರಿಸಿಕೊಳ್ಳುತ್ತ ಹೋಗುತ್ತವೆ. ಕ್ರಿಯಾಪದ ಬಾರದೆ ವಾಕ್ಯ ಮುಗಿಯದೆ ಉಳಿಯುವುದರಿಂದ ಕೇಳುಗನ ಕಿವಿ ಪಲ್ಲವಿಗಾಗಿ ಕಾಯುತ್ತದೆ, ಪಲ್ಲವಿ ಬಂದಾಗ ಸಭೆಯೆಲ್ಲ ದನಿಗೂಡಿಸುತ್ತದೆ. ಮೊದಲ ಚರಣ ಪ್ರಕೃತಿಯದು, ಎರಡನೆಯದು ಶಾಸನ, ತಾಳೆಯೋಲೆ, ದೇಗುಲಗಳ ಇತಿಹಾಸದ್ದು, ಮೂರನೆಯದು ಕುಲ ಕೇಳದ, ಮತ್ಸರವಿಲ್ಲದ ಮನಸ್ಸಿನದು.

ಮೊದಲ ಚರಣದಲ್ಲಿ ಸಹ್ಯಾದ್ರಿಯ ಲೋಹದ ಅದಿರು ಕಾಣಿಸಿಕೊಳ್ಳುವುದು ಸೋಜಿಗವೇನಲ್ಲ. ನಿಸಾರರು ಭೂವಿಜ್ಞಾನ ಓದಿ, ಅದನ್ನೇ ಕಾಲೇಜುಗಳಲ್ಲಿ ಕಲಿಸಿದವರು. ನಾಡನ್ನು ಹಾಡುವಾಗ ಬೆಟ್ಟದ ಹಸಿರಿನ ಜೊತೆಗೆ ಅದರ ಹೊಟ್ಟೆಯೊಳಗಿನ ಸಂಪತ್ತನ್ನೂ ಕಾಣುವುದು ಅಂಥವರ ಕಣ್ಣಿಗೇ ಸಾಧ್ಯ. 1948ರಿಂದ ವಿದ್ಯುತ್ ಕೊಡುತ್ತ ಬಂದ ಜೋಗದ ಜೊತೆಗೆ ಕವಿ ಬೆಳಕನ್ನು ಸೇರಿಸುವಾಗ ಬಿಸಿಲಿನ ಮಿಂಚಿನೊಂದಿಗೆ ಆ ದೀಪದ ಬೆಳಕೂ ಅಲ್ಲಿ ಇದೆಯೆಂದು ಓದಲು ಅಡ್ಡಿಯಿಲ್ಲ. ಸಂಕಲನ ಪ್ರಕಟವಾದ 1976ರಲ್ಲೇ ಕುದುರೆಮುಖ ಕಬ್ಬಿಣ ಅದಿರು ಕಂಪನಿ ಸ್ಥಾಪನೆಯಾಯಿತು. ಅದಿರಿನ ಬೆಟ್ಟವೂ ನಿತ್ಯಹರಿದ್ವರ್ಣದ ಕಾಡೂ ಚರಣದಲ್ಲಿ ಒಂದರ ಪಕ್ಕ ಇನ್ನೊಂದು ಹಾಯಾಗಿ ಇದ್ದರೂ ಹೊರಗಿನ ಜಗತ್ತಿನಲ್ಲಿ ಅವೆರಡರ ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೆ ಹೋಗಿ, 2005ರ ಕೊನೆಗೆ ಕುದುರೆಮುಖದ ಗಣಿಗಾರಿಕೆ ನಿಂತಿತು.

ಕುವೆಂಪು ಅವರ ನಾಡಗೀತೆ ಆಚಾರ್ಯರು, ಕವಿಗಳು, ಅರಸರ ಹೆಸರುಗಳನ್ನು ಸಾಲಾಗಿ ಹೇಳಿದರೆ ‘ನಿತ್ಯೋತ್ಸವ’ದಲ್ಲಿ ಸಿಂಹಾಸನವಿದೆಯೇ ಹೊರತು ಒಬ್ಬ ಅರಸನ ಹೆಸರೂ ಇಲ್ಲ. ಅಲ್ಲಿ ಬರುವ ಜೋಗ, ತುಂಗೆ, ಸಹ್ಯಾದ್ರಿ ಎಂಬ ಮೂರು ಅಂಕಿತನಾಮಗಳೂ ಮಲೆನಾಡಿನವು. ಕೃಷ್ಣೆ, ಭೀಮೆ, ಕಾವೇರಿಗಳ ಹೆಸರಿಲ್ಲದ ಹಾಡನ್ನು ಬೀದರಿನ ಮಕ್ಕಳೂ ಮಂಡ್ಯದ ಮಕ್ಕಳೂ ತಮ್ಮದೆಂದೇ ಹಾಡುವುದಕ್ಕೆ, ಯಾರ ಹೆಸರು ಬಿಟ್ಟುಹೋಯಿತೆಂಬ ಲೆಕ್ಕಕ್ಕೆ ಎಡೆಗೊಡದ ಮೂರನೆಯ ಚರಣವೇ ಕಾರಣವಿರಬೇಕು.

ನಾಡಗೀತೆಗೆ 2004ರಲ್ಲಿ ಅಧಿಕೃತ ಮಾನ್ಯತೆ ದೊರೆತರೂ ಅದರ ಧಾಟಿಯ ಚರ್ಚೆ ಬಹುಕಾಲ ಮುಂದುವರಿದು, ಅನಂತಸ್ವಾಮಿಯವರ ಸಂಯೋಜನೆಯನ್ನೇ ಹಾಡಬೇಕೆಂದು 2022ರಲ್ಲಿ ಸರ್ಕಾರ ಆದೇಶಿಸಬೇಕಾಯಿತು. ಅದೇ ಸಂಯೋಜಕರ ‘ನಿತ್ಯೋತ್ಸವ’ದ ಧಾಟಿಗೆ ಅಂಥ ಆದೇಶದ ಹಂಗಿರಲಿಲ್ಲ.

2020ರ ಮೇ 3ರಂದು ನಿಸಾರರು ತೀರಿಕೊಂಡಾಗಲೂ ಅವರನ್ನು ನಾಡು ನೆನೆದದ್ದು ‘ನಿತ್ಯೋತ್ಸವದ ಕವಿ’ ಎಂದೇ. ಈ ಬಿರುದು ಪ್ರೀತಿಯದಾದರೂ ಅರ್ಧ ಸತ್ಯ. ‘ಕುರಿಗಳು ಸಾರ್ ಕುರಿಗಳು’ ಎಂದು ಅಣಕಿಸಿದ, ‘ನಾನೆಂಬ ಪರಕೀಯ’ ಎಂದು ಸಂಕಲನಕ್ಕೆ ಹೆಸರಿಟ್ಟ ಕವಿ ಬೇರೆಯೇ ಇದ್ದಾರೆ. ಹಾಡನ್ನು ಬಾಯಿಪಾಠವಾಗಿ ಬಲ್ಲವರು ಆ ಕವಿಯನ್ನೂ ಒಮ್ಮೆ ಓದಬೇಕು.