ಐಎಸ್‌ಒ ಏರಿಸಲು ಅಂಜಬೇಡಿ

ಮುಂಬಯಿಯ ಸಭಾಗೃಹದಲ್ಲಿ ಯಕ್ಷಗಾನ. ಧೀಂಗಿಣ ಹಾಕುವ ವೇಷಧಾರಿಯನ್ನು ಐಎಸ್‌ಒ 800ರಲ್ಲಿ, 1/60 ಸೆಕೆಂಡಿನಲ್ಲಿ ಕ್ಲಿಕ್ಕಿಸಿದರೆ ಕಿರೀಟ, ಮುಖ ಎಲ್ಲ ಕಲಸಿಹೋಗುತ್ತವೆ. ಐಎಸ್‌ಒ ದುಪ್ಪಟ್ಟಾದಂತೆ ಶಟರ್ ತೆರೆದಿರಬೇಕಾದ ಸಮಯ ಅರ್ಧಕ್ಕಿಳಿಯುತ್ತದೆ. ಅದೇ ಬೆಳಕಿನಲ್ಲಿ 3200 ಇಟ್ಟರೆ ಸುಮಾರು 1/250 ಸೆಕೆಂಡು ಸಾಕು. ಕುಣಿತ ಹಿಡಿಯಲು ಅಷ್ಟು ವೇಗ ಬೇಕೇ ಬೇಕು. ಫ್ಲ್ಯಾಷ್ ಬೇಡ, ಪಾಪ, ಕಲಾವಿದರ ಕಣ್ಣು ಕುಕ್ಕುತ್ತದೆ.

ಫಿಲಂ ಕಾಲದಲ್ಲಾದರೆ ಇದಕ್ಕೆ ರೋಲನ್ನೇ ಬದಲಿಸಬೇಕಿತ್ತು. ಈಗ ಒಂದು ಗುಂಡಿ ಒತ್ತಿದರಾಯಿತು. ಹಾಗೆಂದು ಸೆನ್ಸರಿಗೆ ಹೆಚ್ಚು ಬೆಳಕೇನೂ ಬೀಳುವುದಿಲ್ಲ. ಸಿಕ್ಕಷ್ಟನ್ನೇ ಕ್ಯಾಮೆರಾ ಹಿಗ್ಗಿಸುತ್ತದೆ. ಮೈಕಿನ ವಾಲ್ಯೂಮ್ ಏರಿಸಿದಾಗ ಗೊರಗೊರ ಸದ್ದೂ ಏರುವುದಿಲ್ಲವೇ? ಹಾಗೆಯೇ ಚಿತ್ರದ ಕತ್ತಲ ಭಾಗಗಳಲ್ಲಿ ರವೆ ಚೆಲ್ಲಿದಂಥ ಚುಕ್ಕೆಗಳು. ಅವನ್ನು ತಂತ್ರಾಂಶ ತಕ್ಕಮಟ್ಟಿಗೆ ಅಳಿಸೀತು; ಕಲಸಿಹೋದ ಮುಖ ಮರಳಿ ಬಾರದು.

ನಡುವೆ ಭಾಷಣಕ್ಕೆ ನಿಲ್ಲುವ ಅಧ್ಯಕ್ಷರಿಗೆ 800 ಧಾರಾಳ ಸಾಕು.